ನೀರು ತಂದವರೇ ನೆಲವನ್ನೂ ಕಾಯಬೇಕು

ಗಲಗಲಿ, ಜಮಖಂಡಿಗಳ ಕೃಷ್ಣಾತೀರಕ್ಕೆ ಒಕ್ಕಟ್ಟಿನ ದುಡಿಮೆ ಹೊಸದಲ್ಲ. 1989ರಲ್ಲಿ ಈ ತೀರದ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಹಣವನ್ನೂ ಬೆವರನ್ನೂ ಕೂಡಿಸಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜನ್ನು ಕಟ್ಟಿದರು. 'ಶ್ರಮಬಿಂದು ಸಾಗರ'ವೆಂಬುದು ಅದರ ಅನ್ವರ್ಥನಾಮ. ನೀರು ಬಂದಿತು, ಕಬ್ಬು ಬೆಳೆಯಿತು. ಆದರೆ ಎರೆಭೂಮಿಗೆ ನೀರು ಅತಿಯಾದರೆ ಸವಳು-ಜವಳಿನ ಬಾಧೆ ತಪ್ಪದು.

ಇದಕ್ಕೆ ಕಾರಣವೇನು? ದೀಪದ ಬತ್ತಿಯಲ್ಲಿ ಎಣ್ಣೆ ಏರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಮಣ್ಣಿನ ಕಣಗಳ ನಡುವಣ ಸಂದುಗಳೂ ಅಂಥ ಬತ್ತಿಗಳೇ. ಕೇಶಾಕರ್ಷಣೆಯ ನಿಯಮದಂತೆ 0.1 ಮಿಲಿಮೀಟರ್ ವ್ಯಾಸದ ಗಾಜಿನ ನಳಿಗೆಯಲ್ಲಿ ನೀರು ಸುಮಾರು 30 ಸೆಂಟಿಮೀಟರ್ ಏರುತ್ತದೆ. ವ್ಯಾಸವು ಐದರಲ್ಲೊಂದು ಪಾಲಾದರೆ ಏರಿಕೆ ಐದು ಮಡಿಯಾಗುತ್ತದೆ. ಅತಿಯಾಗಿ ಹಾಯಿಸಿದ ನೀರಿನಿಂದ ಅಂತರ್ಜಲವು ಮೇಲೆ ಬಂದಾಗ, ಅದು ಈ ಸಂದುಗಳಲ್ಲಿ ಏರಿ ಬಿಸಿಲಿಗೆ ಆವಿಯಾಗುತ್ತದೆ. ಅದರಲ್ಲಿ ಕರಗಿದ್ದ ಲವಣವು ಮಾತ್ರ ಬೇರಿನ ಬಳಿಯೇ ಉಳಿಯುತ್ತದೆ.

'ನನ್ನ ಹೊಲ, ನನ್ನ ನೀರು' ಎಂಬ ವಾದವುಂಟು. ಆದರೆ ನೀರು ಬದುವನ್ನರಿಯದು. ಮೇಲಿನ ಹೊಲದವನು ಹೆಚ್ಚಾಗಿ ಹಾಯಿಸಿದುದು ಕೆಳಗಿನವನ ಹೊಲದಲ್ಲಿ ಒಸರುತ್ತದೆ. ಕೆಳಗಿನವನು ಬಸಿಗಾಲುವೆಯನ್ನು ತೋಡಿದರೂ ಮುಂದಿನವನು ದಾರಿ ಕೊಡದಿದ್ದರೆ ಶ್ರಮವೆಲ್ಲ ವ್ಯರ್ಥ. ಆದುದರಿಂದ ಹಳ್ಳವನ್ನು ಮುಟ್ಟುವ ಸಾಮೂಹಿಕ ಬಸಿಗಾಲುವೆ, ಮಿತವಾದ ನೀರು, ಕಬ್ಬಿನ ರವದಿಯನ್ನು ಸುಡದೆ ನೆಲಕ್ಕೇ ಹೊದಿಸುವುದು, ಹಸುರೆಲೆ ಗೊಬ್ಬರ—ಇವುಗಳನ್ನು ಊರವರೆಲ್ಲ ಕೂಡಿ ಗೊತ್ತುಮಾಡಬೇಕು. ಒಡೆತನವು ಬೇರೆಬೇರೆಯಾಗಿರಲಿ, ಮಣ್ಣಿನ ಹೊಣೆ ಎಲ್ಲರದು.

ನದಿಯನ್ನೇ ತಡೆದು ನಿಲ್ಲಿಸಿದ ಕೈಗಳಿಗೆ ಹೊಲದ ಹೆಚ್ಚುನೀರನ್ನು ಬಸಿದುಬಿಡುವುದು ಅಸಾಧ್ಯವೆ?