ಅಪ್ಪನ ಹೆಸರು ಬೇಕು, ಅಪ್ಪನ ಲೆಕ್ಕ ಬೇಡವೇ?



ನಮ್ಮ ಹಳ್ಳಿಗಳಲ್ಲಿ ಒಂದು ನ್ಯಾಯ ಇದೆ. ಅಪ್ಪ ಸತ್ತ ಮೇಲೆ ಹೊಲ ನನ್ನದು ಅಂದ ಮಗ, ಅಪ್ಪ ಮಾಡಿದ ಸಾಲವೂ ನನ್ನದು ಅನ್ನಬೇಕು. ಹೊಲ ನನಗಿರಲಿ, ಸಾಲದ ವಿಷಯ ನನಗೆ ಗೊತ್ತಿಲ್ಲ ಅಂದರೆ ಪಂಚಾಯ್ತಿ ಕಟ್ಟೆಯ ಮೇಲೆ ಕೂತವರು ಸುಮ್ಮನೆ ಬಿಡುವುದಿಲ್ಲ. ಓದುಬರಹ ಬಾರದವರಿಗೂ ಗೊತ್ತಿರುವ ಈ ನ್ಯಾಯ, ಚುನಾವಣೆ ಬಂದಾಗ ಮಾತ್ರ ಎಲ್ಲಿ ಹೋಗಿ ಅಡಗುತ್ತದೆ?

ಈ ಪ್ರಶ್ನೆ ಕೇಳಲು ನಿಮ್ಮನ್ನು ಸ್ವಲ್ಪ ದೂರ, ಫಿಲಿಪ್ಪೀನ್ಸ್ ದೇಶಕ್ಕೆ ಕರೆದುಕೊಂಡು ಹೋಗುತ್ತೇನೆ. ಯಾಕೆ ಅಷ್ಟು ದೂರ? ಹತ್ತಿರದ ಹೆಸರು ಹೇಳಿದರೆ, ಬರೆದವನು ಯಾವ ಪಕ್ಷದವನು, ಯಾವ ಜಾತಿಯವನು ಎಂದು ನೀವು ಮೊದಲು ನನ್ನನ್ನೇ ಅಳೆಯಲು ಶುರು ಮಾಡುತ್ತೀರಿ. ಪರವೂರಿನ ಜಗಳದಲ್ಲಿ ನ್ಯಾಯ ಹೇಳುವುದು ಸುಲಭ. ಆಮೇಲೆ ಅದೇ ತಕ್ಕಡಿಯನ್ನು ಮನೆಗೆ ತಂದರಾಯಿತು.

2022ರ ಮೇ 9ರಂದು ಅಲ್ಲಿ ಅಧ್ಯಕ್ಷ ಚುನಾವಣೆ ನಡೆಯಿತು. ನಮ್ಮ ರಾಷ್ಟ್ರಪತಿಯಂತೆ ಶಾಸಕರು, ಸಂಸದರು ಸೇರಿ ಆರಿಸುವ ಹುದ್ದೆ ಅಲ್ಲ ಅದು. ಜನ ನೇರವಾಗಿ ಓಟು ಹಾಕಿ ಆರಿಸುವ, ಆರು ವರ್ಷ ದೇಶ ಆಳುವ ಹುದ್ದೆ. ಎಲ್ಲರಿಗಿಂತ ಮುಂದಿದ್ದ ಅಭ್ಯರ್ಥಿ ಫರ್ಡಿನಾಂಡ್ ಮಾರ್ಕೋಸ್ ಜೂನಿಯರ್. ಜನ ಕರೆಯುವುದು 'ಬಾಂಗ್‌ಬಾಂಗ್' ಎಂದು. ಆಗ ವಯಸ್ಸು 64. ಎದುರಾಳಿ ಆಗಿನ ಉಪಾಧ್ಯಕ್ಷೆ ಲೆನಿ ರಾಬ್ರೆಡೊ. 2016ರ ಉಪಾಧ್ಯಕ್ಷ ಚುನಾವಣೆಯಲ್ಲಿ ಈಕೆ ಇದೇ ಬಾಂಗ್‌ಬಾಂಗನನ್ನು 2 ಲಕ್ಷ 63 ಸಾವಿರ ಮತಗಳಿಂದ ಸೋಲಿಸಿದ್ದರು.

ಬಾಂಗ್‌ಬಾಂಗನ ಅಪ್ಪ ಯಾರು? 1965ರಲ್ಲಿ ಗೆದ್ದು ಅಧ್ಯಕ್ಷನಾಗಿ, 1972ರಲ್ಲಿ ಸೇನಾಡಳಿತ ಹೇರಿ, 1986ರ ತನಕ ಕುರ್ಚಿ ಬಿಡದ ಫರ್ಡಿನಾಂಡ್ ಮಾರ್ಕೋಸ್. ಸೇನಾಡಳಿತದ ಕಾಲದಲ್ಲಿ ಸುಮಾರು 70 ಸಾವಿರ ಜನ ಜೈಲು ಕಂಡರು, 34 ಸಾವಿರ ಜನ ಚಿತ್ರಹಿಂಸೆ ಅನುಭವಿಸಿದರು, 3,200ಕ್ಕೂ ಹೆಚ್ಚು ಜನ ಸತ್ತರು ಎಂಬುದು ಆಮ್ನೆಸ್ಟಿ ಸಂಸ್ಥೆಯ ಲೆಕ್ಕ. 1983ರಲ್ಲಿ ವಿರೋಧ ಪಕ್ಷದ ನಾಯಕ ಬೆನಿಗ್ನೋ ಅಕಿನೋ ವಿಮಾನ ಇಳಿಯುತ್ತಿದ್ದಂತೆಯೇ ಮನಿಲಾ ನಿಲ್ದಾಣದಲ್ಲಿ ಗುಂಡಿಗೆ ಬಲಿಯಾದರು. 1986ರ ಫೆಬ್ರವರಿಯಲ್ಲಿ ಲಕ್ಷಾಂತರ ಜನ ನಾಲ್ಕು ದಿನ ಮನಿಲಾದ ಹೆದ್ದಾರಿಯಲ್ಲಿ ನಿಂತರು. ಟ್ಯಾಂಕುಗಳೂ ಜನರ ಮೇಲೆ ಹರಿಯಲಿಲ್ಲ. ಮಾರ್ಕೋಸ್ ಕುಟುಂಬ ಹವಾಯಿಗೆ ಓಡಿತು. ಅರಮನೆಯಲ್ಲಿ ಉಳಿದದ್ದು ಹೆಂಡತಿ ಇಮೆಲ್ಡಾಳ ಸಾವಿರಕ್ಕೂ ಹೆಚ್ಚು ಜೊತೆ ಪಾದರಕ್ಷೆಗಳು.

ಹಣದ ಲೆಕ್ಕ ಕೇಳಿ. ಈ ಗಂಡ ಹೆಂಡತಿ ಸುಮಾರು 20 ವರ್ಷದಲ್ಲಿ ಕಾನೂನುಬದ್ಧವಾಗಿ ಗಳಿಸಿದ್ದು ಹೆಚ್ಚೆಂದರೆ 3 ಲಕ್ಷ 4 ಸಾವಿರ ಡಾಲರ್ ಎಂದು 2003ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ಸ್ವಿಸ್ ಬ್ಯಾಂಕುಗಳಿಂದ ಬಂದು ಸರ್ಕಾರದ ಪಾಲಾದ ಅವರ ಹಣ 65 ಕೋಟಿ 80 ಲಕ್ಷ ಡಾಲರ್! ಇದು ಸಿಕ್ಕಿದ್ದರ ಲೆಕ್ಕ ಮಾತ್ರ. ಈ ಹಣದ ಒಂದು ಭಾಗದಿಂದಲೇ 2013ರ ಒಂದು ಕಾನೂನಿನಂತೆ 11,103 ಸಂತ್ರಸ್ತರಿಗೆ ಪರಿಹಾರ ಹಂಚಬೇಕಾಯಿತು.

ಈಗ ನೀವು ಕೇಳಬಹುದು: ಅಪ್ಪ ಮಾಡಿದ್ದಕ್ಕೆ ಮಗನನ್ನು ಯಾಕೆ ಬಯ್ಯುತ್ತೀರಿ? ನ್ಯಾಯವಾದ ಪ್ರಶ್ನೆ. ಸೇನಾಡಳಿತ ಬಂದಾಗ ಬಾಂಗ್‌ಬಾಂಗ್ 15 ವರ್ಷದ ಹುಡುಗ. ಅಪ್ಪನ ಪಾಪವನ್ನು ಹುಡುಗನ ತಲೆಗೆ ಕಟ್ಟುವುದು ಅನ್ಯಾಯ. ದೊಡ್ಡ ಮನೆಯಲ್ಲಿ ಹುಟ್ಟಿದ್ದೇ ಅಪರಾಧವೂ ಅಲ್ಲ. ಗುಂಡಿಗೆ ಬಲಿಯಾದ ಅಕಿನೋ ಅವರ ಹೆಂಡತಿ ಕೊರಾಜಾನ್ 1986ರಲ್ಲಿ ಅಧ್ಯಕ್ಷರಾದರು, ಮಗ 2010ರಲ್ಲಿ ಅಧ್ಯಕ್ಷರಾದರು. 1965ರಲ್ಲಿ ಮಾರ್ಕೋಸನ ಎದುರು ಸೋತ ಅಧ್ಯಕ್ಷ ಮಕಾಪಗಾಲರ ಮಗಳು ಗ್ಲೋರಿಯಾ ಅರೋಯೋ 2001ರಲ್ಲಿ ಅಧ್ಯಕ್ಷರಾದರು. ಆ ದೇಶದ ರಾಜಕೀಯವೇ ಮನೆತನಗಳ ಕೈಯಲ್ಲಿದೆ. ವಂಶಾಡಳಿತ ತಡೆಯಬೇಕು ಎಂದು 1987ರ ಸಂವಿಧಾನದಲ್ಲೇ ಬರೆದುಕೊಂಡರು. ಆದರೆ ವಂಶಾಡಳಿತ ಅಂದರೆ ಏನು ಎಂದು ಹೇಳುವ ಕಾನೂನು 2022ರ ಚುನಾವಣೆ ಬಂದರೂ ಪಾಸಾಗಲಿಲ್ಲ. ಪಾಸು ಮಾಡಬೇಕಾದವರು ಅದೇ ಮನೆಗಳವರಲ್ಲವೇ?

ಹಾಗಾದರೆ ಮನಿಲಾದ ಒಬ್ಬ ಮಾಮೂಲಿ ಮತದಾರನಿಗೆ ಅನುಮಾನ ಬರಬೇಕಾದದ್ದು ಎಲ್ಲಿ? ಅಪ್ಪನ ಮೇಲಲ್ಲ, ಮಗನ ಸ್ವಂತ ನಡತೆಯ ಮೇಲೆ. ಒಂದೊಂದಾಗಿ ನೋಡೋಣ.

ಮೊದಲನೆಯದು ತೆರಿಗೆ. 1980ರಲ್ಲಿ 22ನೇ ವಯಸ್ಸಿಗೇ ಈತ ತನ್ನ ಪ್ರಾಂತ್ಯ ಇಲೊಕೋಸ್ ನಾರ್ಟೆಯ ಉಪರಾಜ್ಯಪಾಲ. 1983ರಲ್ಲಿ ರಾಜ್ಯಪಾಲ. ಈಗ ಹುಡುಗ ಅನ್ನಲಾಗದು, ಸಂಬಳ ತೆಗೆದುಕೊಳ್ಳುವ ಅಧಿಕಾರಸ್ಥ. 1982ರಿಂದ 1985ರ ತನಕದ ಆದಾಯ ತೆರಿಗೆ ವಿವರವನ್ನೇ ಈತ ಸಲ್ಲಿಸಲಿಲ್ಲ. 1995ರಲ್ಲಿ ಕೋರ್ಟು ಜೈಲು ಶಿಕ್ಷೆ ಹಾಕಿತು. 1997ರಲ್ಲಿ ಮೇಲ್ಮನವಿ ಕೋರ್ಟು ಜೈಲನ್ನು ತೆಗೆದುಹಾಕಿತು. ಆದರೆ ವಿವರ ಸಲ್ಲಿಸದ ಅಪರಾಧವನ್ನೂ ದಂಡವನ್ನೂ ಉಳಿಸಿತು. ಈತ ನಿಲ್ಲಬಾರದು ಎಂದು ಹಾಕಿದ ಅರ್ಜಿಗಳೆಲ್ಲ 2022ರಲ್ಲಿ ಬಿದ್ದುಹೋದವು. ಸರಿ, ಕಾನೂನು ನಿಲ್ಲಬಹುದು ಅಂದಿತು. ಆದರೆ ನಿಲ್ಲಬಹುದು ಅನ್ನುವುದು ಬೇರೆ, ಗೆಲ್ಲಿಸಬಹುದು ಅನ್ನುವುದು ಬೇರೆ. ಮೊದಲನೆಯದನ್ನು ಹೇಳುವುದು ಕೋರ್ಟು. ಎರಡನೆಯದನ್ನು ಹೇಳಬೇಕಾದವರು ಮತದಾರರು.

ಎರಡನೆಯದು ಆಸ್ತಿ ಮತ್ತು ಸಾಲ. ಅಪ್ಪ 1989ರಲ್ಲಿ ಸತ್ತ. ವಾರಸುದಾರರು ಕಟ್ಟಬೇಕಾದ ಪಿತ್ರಾರ್ಜಿತ ತೆರಿಗೆ ಸುಮಾರು 2,300 ಕೋಟಿ ಪೆಸೊ. ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವನು ಬೇರೆ ಯಾರೋ ಅಲ್ಲ, ಈ ಬಾಂಗ್‌ಬಾಂಗನೇ. 1997ರಲ್ಲಿ ಸೋತ. ಕಟ್ಟದೆ ಬಿಟ್ಟ ಬಾಕಿ ಬಡ್ಡಿ, ದಂಡ ಸೇರಿ 2022ರ ಚುನಾವಣೆ ಹೊತ್ತಿಗೆ 20,300 ಕೋಟಿ ಪೆಸೊ ಆಗಿದೆ ಎಂಬ ಲೆಕ್ಕ ಹೊರಬಂತು. 2021ರ ಡಿಸೆಂಬರಿನಲ್ಲಿ ಬೇಡಿಕೆ ಪತ್ರ ಕಳಿಸಿದ್ದೇವೆ ಎಂದು ತೆರಿಗೆ ಇಲಾಖೆ ಹೇಳಿತು. ವಿಷಯ ಇನ್ನೂ ಇತ್ಯರ್ಥವಾಗಿಲ್ಲ ಎಂದು ಈತನ ಕಡೆಯವರು ಹೇಳಿದರು. ಯೋಚನೆ ಮಾಡಿ: ಗೆದ್ದ ಮರುದಿನದಿಂದ ತೆರಿಗೆ ಇಲಾಖೆ ಯಾರ ಕೈಕೆಳಗೆ? ಕುಟುಂಬದ ಕದ್ದ ಹಣ ಹುಡುಕಲೆಂದೇ 1986ರಲ್ಲಿ ಹುಟ್ಟಿದ ಆಯೋಗ ಯಾರ ಕೈಕೆಳಗೆ? ಸಾಲಗಾರನೇ ವಸೂಲಿ ಅಧಿಕಾರಿಯ ಧಣಿ! ಅಪ್ಪನ ಹೆಸರಿನ ಹೊಲ ಬೇಕು, ಸಾಲ ಬೇಡ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ?

ಮೂರನೆಯದು ಪದವಿ. ಆಕ್ಸ್‌ಫರ್ಡಿನಲ್ಲಿ ಓದಿ ಪದವಿ ಪಡೆದೆ ಎಂದು ಈತ ವರ್ಷಗಟ್ಟಲೆ ಹೇಳಿಕೊಂಡ. ಈತನಿಗೆ 1978ರಲ್ಲಿ ಕೊಟ್ಟದ್ದು ಸಮಾಜ ಅಧ್ಯಯನದ ವಿಶೇಷ ಡಿಪ್ಲೊಮಾ, ಪದವಿ ಅಲ್ಲ ಎಂದು ಆ ವಿಶ್ವವಿದ್ಯಾಲಯ 2021ರಲ್ಲಿ ಹೇಳಿತು. ನಾನು ಪಿಯುಸಿಗೆ ಓದು ನಿಲ್ಲಿಸಿ ಪ್ರೆಸ್ಸಿಗೆ ಬಂದವನು. ಪದವಿ ಇಲ್ಲದ್ದು ಅವಮಾನ ಎಂದು ನನಗೆ ಒಂದು ದಿನವೂ ಅನ್ನಿಸಿಲ್ಲ. ಆದರೆ ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿನ ಮುಂದೆ 'ಬಿ.ಎ.' ಅಂತ ಹಾಕಿಕೊಂಡರೆ ಅದು ಸುಳ್ಳು. ದೊಡ್ಡ ಸುಳ್ಳಲ್ಲದಿರಬಹುದು. ಬೇಕಾಗಿಲ್ಲದ ಚಿಕ್ಕ ಸುಳ್ಳನ್ನು ಬಿಡಲಾಗದವನು, ಬೇಕಾದಾಗ ದೊಡ್ಡ ಸುಳ್ಳನ್ನು ಬಿಡುತ್ತಾನೆಯೇ?

ನಾಲ್ಕನೆಯದು ಉತ್ತರ ಕೊಡುವ ಗುಣ. 2022ರ ಮಾರ್ಚಿಯಲ್ಲಿ, ಏಪ್ರಿಲಿನಲ್ಲಿ ಚುನಾವಣಾ ಆಯೋಗವೇ ಏರ್ಪಡಿಸಿದ ಚರ್ಚೆಗಳಿಗೆ ಈತ ಬರಲಿಲ್ಲ. ಜನವರಿಯಲ್ಲಿ ಒಬ್ಬ ಹೆಸರಾಂತ ಪತ್ರಕರ್ತೆಯ ಸಂದರ್ಶನಕ್ಕೂ ಬರಲಿಲ್ಲ. ಆಕೆ ಪಕ್ಷಪಾತಿ ಎಂದರು ಕಡೆಯವರು. ತನಗೆ ಒಲಿದ ಒಂದು ಚಾನೆಲ್ಲಿನ ಚರ್ಚೆಗೆ ಮಾತ್ರ ಹೋದ. ಕೆಲಸ ಕೇಳಿಕೊಂಡು ಬಂದವನು ಸಂದರ್ಶನಕ್ಕೆ ಬರುವುದಿಲ್ಲ ಅಂದರೆ ನಿಮ್ಮ ಆಫೀಸಿನಲ್ಲಿ ಕೆಲಸ ಕೊಡುತ್ತೀರಾ?

ಕೊನೆಯದು ಪಶ್ಚಾತ್ತಾಪ. ಅಪ್ಪ ಇನ್ನೂ ಆಳಿದ್ದರೆ ದೇಶ ಸಿಂಗಾಪುರ ಆಗುತ್ತಿತ್ತು ಎಂದು 2011ರಲ್ಲಿ ಈತ ಹೇಳಿದ. ಸತ್ಯ ಏನು? ಅಪ್ಪನ ಕೊನೆಯ ಕಾಲದಲ್ಲಿ, 1984ರಲ್ಲಿ ಮತ್ತು 1985ರಲ್ಲಿ, ದೇಶದ ಒಟ್ಟು ಉತ್ಪನ್ನ ಪ್ರತಿ ವರ್ಷ ಶೇ. 7ಕ್ಕೂ ಹೆಚ್ಚು ಕುಸಿದಿತ್ತು. ಕ್ಷಮೆ ಕೇಳುತ್ತೀರಾ ಎಂದು 2015ರಲ್ಲಿ ಕೇಳಿದಾಗ, ಯಾವುದಕ್ಕೆ ಕೇಳಬೇಕು ಎಂದು ತಿರುಗಿ ಕೇಳಿದ. ಪಾಪ ಅಪ್ಪನದೇ ಇರಬಹುದು ಗೆಳೆಯರೇ. ಅದು ಪಾಪವೇ ಅಲ್ಲ ಅಂದ ಮಾತು ಮಾತ್ರ ಮಗನದು.

ಇಷ್ಟೆಲ್ಲ ಬಯಲಿನಲ್ಲಿದ್ದೂ ಈತ ಗೆದ್ದ. ಸಣ್ಣ ಗೆಲುವಲ್ಲ. 3 ಕೋಟಿ 16 ಲಕ್ಷ ಮತ, ಶೇ. 58ಕ್ಕೂ ಹೆಚ್ಚು. ರಾಬ್ರೆಡೊ ಅವರಿಗೆ ಸುಮಾರು 1 ಕೋಟಿ 50 ಲಕ್ಷ. ಹೇಗೆ?

ಜನ ದಡ್ಡರು ಅನ್ನುವವರ ಮಾತು ನಂಬಬೇಡಿ. 1986ರ ನಂತರ ಬಂದ ಸರ್ಕಾರಗಳು ಬಡವನ ಹೊಟ್ಟೆ ತುಂಬಿಸಲಿಲ್ಲ. ಆ ಸಿಟ್ಟು ನಿಜ. ಓಟು ಹಾಕಿದವರಲ್ಲಿ ದೊಡ್ಡ ಪಾಲು ಸೇನಾಡಳಿತವನ್ನು ಕಂಡೇ ಇಲ್ಲದ ಯುವಕ ಯುವತಿಯರು. ಅವರಿಗೆ ಆ ಕಾಲದ ಕಥೆ ಹೇಳಿದ್ದು ಶಾಲೆಯ ಪುಸ್ತಕ ಅಲ್ಲ, ಮೊಬೈಲಿನ ವಿಡಿಯೋ. ಅದೊಂದು ಸುವರ್ಣ ಯುಗ ಎಂದವು ವಿಡಿಯೋಗಳು. ಮಾರ್ಕೋಸನ ಸಂಪತ್ತು ಕದ್ದದ್ದಲ್ಲ, ಒಂದು ರಾಜಮನೆತನ ವಕೀಲಿ ಫೀಸಾಗಿ ಕೊಟ್ಟ ಚಿನ್ನ ಎಂದವು. ಆ ಚಿನ್ನ ಒಂದು ದಿನ ಜನರಿಗೆ ಹಂಚಿಕೆಯಾಗುತ್ತದೆ ಎಂದು ಕಾದವರೂ ಇದ್ದರು! ವಿಶ್ವವಿದ್ಯಾಲಯಗಳೂ ಪತ್ರಿಕೆಗಳೂ ಸೇರಿ ಮಾಡಿದ ಪರಿಶೀಲನೆಯಲ್ಲಿ ಕಂಡದ್ದು ಇದೇ: ಸುಳ್ಳು ಸುದ್ದಿ ಹೆಚ್ಚಾಗಿ ಮಾರ್ಕೋಸನನ್ನು ಹೊಗಳಿತು, ರಾಬ್ರೆಡೊ ಅವರನ್ನು ತೆಗಳಿತು.

ಇಲ್ಲಿ ಮುದ್ರಕನಾಗಿ ಒಂದು ಮಾತು. ನಮ್ಮ ದೇಶದಲ್ಲಿ ಚುನಾವಣೆಯ ಕರಪತ್ರ ಅಚ್ಚು ಹಾಕಿದರೆ ಅಡಿಯಲ್ಲಿ ಮುದ್ರಕನ, ಪ್ರಕಾಶಕನ ಹೆಸರು, ವಿಳಾಸ ಇರಲೇಬೇಕು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ. ತಪ್ಪಿದರೆ ಆರು ತಿಂಗಳ ತನಕ ಜೈಲು, ಇಲ್ಲವೇ 2,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಪ್ರಕಾಶಕನ ಸಹಿ, ಅವನನ್ನು ಬಲ್ಲ ಇಬ್ಬರ ಸಹಿ ತೆಗೆದುಕೊಂಡೇ ಮೆಷಿನ್ ಹತ್ತಿಸಬೇಕು. ಯಾಕೆ? ಮಾತಿಗೆ ಒಬ್ಬ ಯಜಮಾನ ಇರಲಿ ಎಂದು. ಇವತ್ತು ನಿಮ್ಮ ಕೈಗೆ ಬರುವ ವಿಡಿಯೋದ ಅಡಿಯಲ್ಲಿ ಆ ಒಂದು ಸಾಲು ಹುಡುಕಿ. ಇಲ್ಲದಿದ್ದರೆ, ವಿಳಾಸವಿಲ್ಲದ ಕಾಗದವನ್ನು ಓದುವ ಹಾಗೆ ಓದಿ: ಅನುಮಾನ ಇಟ್ಟುಕೊಂಡು.

ಇನ್ನೊಂದು ಕಾರಣ ನಮ್ಮಂಥ ಭಾಷಾಭಿಮಾನಿಗಳು ಕಿವಿಗೊಟ್ಟು ಕೇಳಬೇಕಾದದ್ದು. ಮಾರ್ಕೋಸ್ ಕುಟುಂಬದ ನೆಲ ದೇಶದ ಉತ್ತರದ ಇಲೊಕಾನೋ ಭಾಷೆಯ ಸೀಮೆ. ಅಲ್ಲಿನವರು ಈ ಮನೆಯನ್ನು ಎಂದೂ ಕೈಬಿಟ್ಟವರಲ್ಲ. ಕಳ್ಳನೋ ಸುಳ್ಳನೋ, ನಮ್ಮವನು! ಭಾಷೆಯ ಮೇಲಿನ ಪ್ರೀತಿ ದೊಡ್ಡದು. ಆದರೆ 'ನಮ್ಮವನು' ಎಂಬ ಮಾತು ಬಾಕಿ ಲೆಕ್ಕ ಮುಚ್ಚುವ ಹೊದಿಕೆ ಆಗಬಾರದು. ನಮ್ಮವನಾದರೆ ಇನ್ನೂ ಒಂದು ಪ್ರಶ್ನೆ ಹೆಚ್ಚಿಗೆ ಕೇಳಬೇಕು.

ಗೆದ್ದ ಮೇಲೆ ಏನಾಯಿತು? ಬಾಂಗ್‌ಬಾಂಗ್ ಅಪ್ಪನಂತೆ ಸೇನಾಡಳಿತ ತರಲಿಲ್ಲ. ಅದನ್ನು ಒಪ್ಪಬೇಕು. ಉಪಾಧ್ಯಕ್ಷೆಯಾಗಿ ಜೊತೆಗೆ ಗೆದ್ದವರು ಹಿಂದಿನ ಅಧ್ಯಕ್ಷ ಡುಟೆರ್ಟೆಯವರ ಮಗಳು ಸಾರಾ. ಎರಡು ಮನೆತನಗಳ ಆ ಬೀಗತನ 2024ರ ಹೊತ್ತಿಗೆ ಮುರಿದು ಬೀದಿಗೆ ಬಂತು. 2025ರ ಮಾರ್ಚಿಯಲ್ಲಿ ಸಾರಾಳ ತಂದೆಯನ್ನೇ ಬಂಧಿಸಿ ಹೇಗ್ ನಗರದ ಅಂತಾರಾಷ್ಟ್ರೀಯ ಕೋರ್ಟಿಗೆ ಒಯ್ದರು. ಅದೇ ವರ್ಷ ಪ್ರವಾಹ ತಡೆಯುವ ಕಾಮಗಾರಿಗಳ ಹಗರಣ ಎದ್ದಿತು. ಹಣ ಖರ್ಚಾಗಿತ್ತು, ಎಷ್ಟೋ ಕಡೆ ಗೋಡೆಯೇ ಇರಲಿಲ್ಲ. ಕಾಗದದ ಮೇಲೆ ಹರಿಯುವ ಕಾಲುವೆಗಳು ನಮಗೇನು ಹೊಸದೇ? ನಾಚಿಕೆಯಾಗಬೇಕು ನಿಮಗೆ ಎಂದು ಜುಲೈಯಲ್ಲಿ ಸಂಸತ್ತಿನಲ್ಲಿ ಗದರಿದವರು ಅಧ್ಯಕ್ಷರೇ. ಸೆಪ್ಟೆಂಬರಿನಲ್ಲಿ ಸ್ಪೀಕರ್ ಕುರ್ಚಿ ಬಿಟ್ಟವರು ಅಧ್ಯಕ್ಷರ ಸ್ವಂತ ಸೋದರ ಸಂಬಂಧಿ. ಆರೋಪವನ್ನು ಅವರು ಅಲ್ಲಗಳೆದರು. ಸೆಪ್ಟೆಂಬರ್ 21ರಂದು, ಸೇನಾಡಳಿತದ ಘೋಷಣೆಗೆ ಸಹಿ ಬಿದ್ದ ಅದೇ ತಾರೀಖಿನಂದು, ಸಾವಿರಾರು ಯುವಕರು ಮನಿಲಾದ ಬೀದಿಗಿಳಿದರು. ಪ್ರಶ್ನೆ ಕೇಳುವುದನ್ನು ಅವರು ಮತ್ತೆ ಕಲಿತರು. ಓಟಿಗೆ ಮೊದಲು ಕೇಳುವ ಪ್ರಶ್ನೆಗೆ ಖರ್ಚು ಕಡಿಮೆ, ಅಷ್ಟೇ.

ಈಗ ತಕ್ಕಡಿಯನ್ನು ಮನೆಗೆ ತರೋಣ. ನಮ್ಮಲ್ಲೂ ಎಸ್.ಆರ್. ಬೊಮ್ಮಾಯಿ 1988ರಲ್ಲಿ, ಅವರ ಮಗ 2021ರಲ್ಲಿ ಮುಖ್ಯಮಂತ್ರಿಯಾದರು. ದೇವೇಗೌಡರು 1994ರಲ್ಲಿ, ಅವರ ಮಗ 2006ರಲ್ಲಿ ಆದರು. ಬಂಗಾರಪ್ಪನವರ ಇಬ್ಬರು ಮಕ್ಕಳು ಸೊರಬದಲ್ಲಿ ಎದುರುಬದುರೇ ನಿಂತರು. ಇವರಲ್ಲಿ ಯಾರನ್ನೂ ಮಾರ್ಕೋಸನ ಪಕ್ಕ ಕೂರಿಸುತ್ತಿಲ್ಲ, ಅದು ಅನ್ಯಾಯ. ಪಕ್ಷ ಯಾವುದಾದರೂ, ಮನೆ ಯಾವುದಾದರೂ, ತಕ್ಕಡಿ ಒಂದೇ ಇರಲಿ ಅನ್ನುವುದಷ್ಟೇ ನನ್ನ ಮಾತು.

ನಿಮ್ಮ ಕೈಯಲ್ಲಿ ಮನಿಲಾದ ಮತದಾರನ ಕೈಯಲ್ಲಿರುವಂಥದೇ ಮೊಬೈಲ್ ಇದೆ. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳಿಂದಾಗಿ ನಮ್ಮಲ್ಲಿ ಪ್ರತಿ ಅಭ್ಯರ್ಥಿಯೂ ಪ್ರಮಾಣಪತ್ರ ಸಲ್ಲಿಸಲೇಬೇಕು. ಅದರ ಹೆಸರು ಫಾರಂ 26. ಕ್ರಿಮಿನಲ್ ಕೇಸು, ಆಸ್ತಿ, ಸಾಲ, ಸರ್ಕಾರಕ್ಕೆ ಕಟ್ಟಬೇಕಾದ ಬಾಕಿ, ಓದು, ಎಲ್ಲ ಅದರಲ್ಲಿರುತ್ತದೆ. ಚುನಾವಣಾ ಆಯೋಗ ಅದನ್ನು ಎಲ್ಲರಿಗೂ ಕಾಣುವಂತೆ ಇಡುತ್ತದೆ. ಒಂದು ಸಿನಿಮಾ ಟ್ರೈಲರ್ ನೋಡುವಷ್ಟು ಹೊತ್ತು ಸಾಕು. ಅಪ್ಪನ ದೊಡ್ಡ ಫೋಟೋ, ಮಗನ ಚಿಕ್ಕ ಫೋಟೋ ಇರುವ ಬ್ಯಾನರ್ ಕಂಡ ದಿನ, ಆ ಮಗನ ಫಾರಂ 26 ತೆಗೆದು ಓದಿ. ಸರ್ಕಾರಿ ಬಾಕಿಯ ಕಲಂ ಮೊದಲು ನೋಡಿ. ಪ್ರಚಾರಕ್ಕೆ ನಿಮ್ಮ ಬೀದಿಗೆ ಬಂದಾಗ, ಹಾರ ಹಾಕುವ ಮೊದಲು, ಅದರಲ್ಲಿ ಕಂಡದ್ದನ್ನು ಕನ್ನಡದಲ್ಲೇ, ಗಟ್ಟಿಯಾಗಿ ಕೇಳಿ.

ಉತ್ತರ ಕೊಟ್ಟರೆ ಕೇಳಿಸಿಕೊಳ್ಳಿ. ಕೊಡದೆ ಮುಂದೆ ಹೋದರೆ, ನಿಮ್ಮ ಓಟೂ ಮುಂದೆ ಹೋಗಲಿ.