ಬಿದ್ದೀಯ, ಕೂತ್ಕೊಳ್ಳಮ್ಮ!

ಕೋಲಾರದ ಬಡಾವಣೆಯಾಗಲಿ, ಶ್ರೀನಿವಾಸಪುರದ ಮಾವಿನ ತೋಪಿನ ಮನೆಯಾಗಲಿ, ಅರವತ್ತು ದಾಟಿದ ಹೆಂಗಸು ಎದ್ದು ನಿಂತರೆ ಸಾಕು, ಒಂದೇ ಮಾತು ಕೇಳಿಬರುತ್ತದೆ: ‘ಬಿದ್ದೀಯ, ಕೂತ್ಕೊಳ್ಳಮ್ಮ!’ ಆಡುವವರು ಇದನ್ನು ಅಕ್ಕರೆ ಎನ್ನುತ್ತಾರೆ. ನಾನು ಒಪ್ಪಲಾರೆ.

ಇವಳು ಚಿಕ್ಕಂದಿನಲ್ಲಿ ಕುಂಟೆಬಿಲ್ಲೆ ಆಡುತ್ತ ಒಂಟಿಕಾಲಲ್ಲಿ ಮನೆ ದಾಟಿದವಳು. ತಲೆಯ ಮೇಲೊಂದು, ಸೊಂಟದಲ್ಲೊಂದು ಬಿಂದಿಗೆ ಹೊತ್ತವಳು; ಹಿಪ್ಪುನೇರಳೆ ಸೊಪ್ಪಿನ ಹೊರೆಯೊಂದಿಗೆ ಬದುವಿನ ಮೇಲೆ ನಡೆದವಳು. ಅಂಥವಳನ್ನು ಕುರ್ಚಿಗೆ ಕಟ್ಟಿಹಾಕಿದರೆ ಏನಾಗುತ್ತದೆ? ತೊಡೆಯ ಸ್ನಾಯು ಸೊರಗುತ್ತದೆ. ಮುಟ್ಟು ನಿಂತ ಮೇಲೆ ಹೇಗೂ ಸವೆಯುವ ಮೂಳೆ ಇನ್ನಷ್ಟು ಸವೆಯುತ್ತದೆ. ಎದ್ದಾಗ ಕಾಲು ನಡುಗುತ್ತದೆ, ಭಯ ಹೆಚ್ಚುತ್ತದೆ, ಮತ್ತೆ ಕೂರುತ್ತಾಳೆ. ಕೊನೆಗೆ ಬೀಳುವುದೂ ಇದರಿಂದಲೇ. ತಪ್ಪು ಬರೆದೀತೆಂದು ಮಗುವಿನ ಕೈಯಿಂದ ಬಳಪ ಕಸಿದುಕೊಂಡರೆ ಅದು ಬರೆಯಲು ಕಲಿತೀತೆ?

ಇದು ಬರೀ ಮೇಷ್ಟರಮ್ಮನ ಮಾತಲ್ಲ. 2019ರ ಕಾಕ್ರೇನ್ ಪರಿಶೀಲನೆ 25 ದೇಶಗಳ 108 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿತು. ವ್ಯಾಯಾಮ ಮಾಡಿದ ಹಿರಿಯರಲ್ಲಿ ಬೀಳುವ ಪ್ರಮಾಣ ಶೇಕಡ 23ರಷ್ಟು ಇಳಿದಿತ್ತು. ವಾರಕ್ಕೆ ಮೂರು ದಿನವಾದರೂ ಸಮತೋಲನದ, ಬಲದ ಅಭ್ಯಾಸ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

‘ಸೊಂಟ ಮುರಿದರೆ ನೋಡುವವರು ಯಾರು?’ ಎಂದು ಕೇಳುತ್ತೀರಿ. ಕೇಳಬೇಕಾದ ಪ್ರಶ್ನೆಯೇ. ಹಾಗಾದರೆ ಮನೆಯನ್ನು ನೋಡಿ. ಗೃಹಪ್ರವೇಶಕ್ಕೆ ಕನ್ನಡಿಯಂಥ ಗ್ರಾನೈಟ್ ಹಾಸಲು ದುಡ್ಡಿದೆ, ಬಚ್ಚಲಲ್ಲಿ ಹಿಡಿಯಲೊಂದು ಕಂಬಿ ಹಾಕಿಸಲು ಇಲ್ಲ. ಕಣ್ಣಿನ ಪೊರೆ ‘ಆಮೇಲೆ ತೆಗೆಸೋಣ’. ಯಾವ ಮಾತ್ರೆಯಿಂದ ತಲೆ ಸುತ್ತುತ್ತದೆಂದು ಡಾಕ್ಟರನ್ನು ಕೇಳುವವರಿಲ್ಲ. ನಮ್ಮ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ವರ್ಷಗಟ್ಟಲೆ ಕುಡಿದರೆ ಕೀಲು, ಬೆನ್ನು ಬಿಗಿಯುತ್ತವೆ. ಅದನ್ನೂ ‘ವಯಸ್ಸಾಯಿತು’ ಎಂದು ತೇಲಿಸಿಬಿಡುತ್ತೇವೆ.

ಸರ್ಕಾರವೂ ಹಾಗೆಯೇ. ಶಕ್ತಿ ಯೋಜನೆಯಿಂದ 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆಯಾಯಿತು. ಆದರೆ ಮಾಲೂರಿನಲ್ಲಿ, ಮುಳಬಾಗಿಲಿನಲ್ಲಿ ಬಸ್ಸು ಹತ್ತುವ ಅಜ್ಜಿಗೆ ಮೆಟ್ಟಿಲು ಇಂದಿಗೂ ಎತ್ತರವೇ. ಅವಳ ಎರಡನೇ ಕಾಲು ಒಳಗೆ ಬರುವ ಮೊದಲೇ ರೈಟ್ ಹೇಳಿದರೆ ಪುಕ್ಕಟೆ ಪ್ರಯಾಣದಿಂದ ಏನು ಬಂತು?

ಮಕ್ಕಳೇ, ಸೊಸೆಯಂದಿರೇ, ಡಾಕ್ಟರನ್ನು ಒಂದು ಮಾತು ಕೇಳಿ ಇಷ್ಟು ಮಾಡಿ. ಗೋಡೆಗೆ ಒತ್ತಿದ ಗಟ್ಟಿ ಕುರ್ಚಿಯಿಂದ ದಿನಕ್ಕೆ ಹತ್ತು ಸಲ ಎದ್ದು ಕೂರಲಿ. ಕಿಟಕಿಯ ಸರಳು ಹಿಡಿದು ಒಂಟಿಕಾಲಲ್ಲಿ ಎಣಿಸಲಿ. ಅವಳು ಹೊಸ್ತಿಲು ದಾಟುವಾಗ ಪಕ್ಕದಲ್ಲಿ ನಿಲ್ಲಿ. ಬೇಡ ಎನ್ನಬೇಡಿ.