ಡಿಸ್ಕ್ ಟ್ರೇಗೂ ಒಂದು ಡ್ರಾಯಿಂಗ್ ಬೇಕಲ್ರಿ

ಹೋಮ್ ಸರ್ವರ್ ಅಂದ ಕೂಡಲೇ ನಾವು ಕೇಳೋದು ಎರಡೇ: ಪ್ರೊಸೆಸರ್ ಯಾವುದು, ಎಷ್ಟು ಟಿಬಿ? ಡಿಸ್ಕನ್ನು ಹಿಡಿದುಕೊಂಡಿರುವ ಟ್ರೇ ಬಗ್ಗೆ ಯಾರೂ ಕೇಳಲ್ಲ. ಆದರೆ ಡಿಸ್ಕ್ ಕೆಟ್ಟ ದಿನ ನಮ್ಮ ಕೈ ಮೊದಲು ಹೋಗೋದು ಆ ಟ್ರೇಗೇ.

ಕ್ಲೌಡ್ ಇರುವಾಗ ಇದೆಲ್ಲ ಯಾಕ ಅಂತ ಕೇಳಬಹುದು. ನಮ್ಮಲ್ಲಿ ಖಾನಾಪುರ ಕಡೆಯಿಂದ ಬೆಳಗಾವಿಗೆ ಓದಲು ಬರುವವರಿದ್ದೇವೆ. ಕಾಡಂಚಿನ ಊರುಗಳಲ್ಲಿ ಮಳೆಗಾಲ ಅಂದ್ರೆ ಕರೆಂಟ್, ನೆಟ್‌ವರ್ಕ್ ಎರಡೂ ಕೈಕೊಡೋದು ಹೊಸದೇನಲ್ಲ. ಮನೆಯವರ ಫೋಟೋ, ಅಜ್ಜಿ ಹಾಡಿದ ಹಾಡು ಮನೆಯಲ್ಲೇ ಇದ್ದರೆ ಒಳ್ಳೇದು.

ನಾಲ್ಕು ಡಿಸ್ಕಿನ ರೈಡ್ 5 ತಗೊಳ್ರಿ. ಒಂದು ಕೆಟ್ಟರೂ ಡೇಟಾ ಉಳಿಯುತ್ತೆ. ಆದರೆ ಕೆಟ್ಟದ್ದನ್ನು ಬಿಟ್ಟು ಪಕ್ಕದ್ದನ್ನು ಎಳೆದರೆ ಇಡೀ ಅರೇ ಅಲ್ಲೇ ನಿಲ್ಲುತ್ತೆ. ಯಾವುದು ಕೆಟ್ಟಿದೆ ಅಂತ ಸಾಫ್ಟ್‌ವೇರ್ ಸೀರಿಯಲ್ ನಂಬರ್ ಕೊಡುತ್ತೆ. ಆ ನಂಬರ್ ಇರೋದು ಡಿಸ್ಕಿನ ಮೈಮೇಲೆ. ಓದಬೇಕಾದರೆ ಹೊರಗೆ ಎಳೀಬೇಕು! ಹಾಗಾಗಿ ಟ್ರೇ ಮುಂದೆ ಲೇಬಲ್ ಅಂಟಿಸಲು ಜಾಗ ಇರಲೇಬೇಕು.

ಉಳಿದದ್ದೂ ಕಷ್ಟದ್ದಲ್ಲ. 7200 ಆರ್‌ಪಿಎಂ ಡಿಸ್ಕ್ ಸೆಕೆಂಡಿಗೆ 120 ಸಲ ತಿರುಗುತ್ತೆ, ಆ ನಡುಕ ಪಕ್ಕದ ಡಿಸ್ಕಿಗೆ ಹೋಗದಂತೆ ರಬ್ಬರ್ ಬೇಕು. ಗಾಳಿ ಆಡಲು ಕಿಂಡಿ ಬೇಕು. ಸಾಟಾ ಕನೆಕ್ಟರಿನಲ್ಲಿ ಗ್ರೌಂಡ್ ಪಿನ್ ಉದ್ದವಾಗಿದ್ದು ಮೊದಲು ತಾಗುತ್ತೆ. ಡಿಸ್ಕ್ ಓರೆಯಾಗದೆ ನೆಟ್ಟಗೆ ಕೂರುವಂತೆ ಟ್ರೇ ಹಿಡಿಕೆ ಒತ್ತಬೇಕು. ಮಳೆನಾಡಿನ ತೇವಕ್ಕೆ ತುಕ್ಕು ಹಿಡಿಯದ ಲೋಹ ಬೇಕು. 3ಡಿ ಪ್ರಿಂಟ್ ಮಾಡ್ತೀವಿ ಅನ್ನೋರು ಪಿಎಲ್‌ಎ ಬಿಡ್ರಿ, ಅದು 60 ಡಿಗ್ರಿ ಹತ್ತಿರವೇ ಮೆತ್ತಗಾಗುತ್ತೆ.

ನಮ್ಮ ತಕರಾರು ಇಷ್ಟೇ. 3.5 ಇಂಚಿನ ಡಿಸ್ಕ್ ಯಾವ ಕಂಪನಿಯದ್ದೇ ಆಗಲಿ ಅಗಲ 101.6 ಮಿ.ಮೀ., ಎತ್ತರ ಹೆಚ್ಚೆಂದರೆ 26.1 ಮಿ.ಮೀ., ಸ್ಕ್ರೂ 6-32. ಪೈಪೋಟಿ ಮಾಡುವ ಕಂಪನಿಗಳೇ ಡಿಸ್ಕಿನ ಅಳತೆಗೆ ಒಪ್ಪಿವೆ. ಟ್ರೇ ಮಾತ್ರ ಕಂಪನಿಗೊಂದು, ಮಾಡೆಲ್‌ಗೊಂದು. ಮಾಡೆಲ್ ನಿಂತರೆ ಟ್ರೇ ಹುಡುಕೋದೇ ಒಂದು ಕೆಲಸ. ಒಂದು ಲಾಚ್ ಮುರಿದದ್ದಕ್ಕೆ ಗಟ್ಟಿಮುಟ್ಟಾದ ಡಬ್ಬಿಯನ್ನೇ ಬದಲಿಸಬೇಕಾ?

ಟ್ರೇ ಡ್ರಾಯಿಂಗ್ ಎಲ್ಲರಿಗೂ ಸಿಗುವಂತಿರಬೇಕು. ಕಂಪನಿಗಳು ಕೊಡೋವರೆಗೆ ಕಾಯೋದ್ಯಾಕೆ? ನಮ್ಮ ಉದ್ಯಮಬಾಗದಲ್ಲಿ ಫೌಂಡ್ರಿ, ಮಷೀನ್ ಶಾಪ್‌ಗಳಿಗೆ ಬರ ಇಲ್ಲ. ಹಾಳೆ ಬಗ್ಗಿಸಿ ತೂತು ಹಾಕೋದು ಅವರಿಗೆ ದಿನದ ಕೆಲಸ. ಮೆಕ್ಯಾನಿಕಲ್‌ನವರು ಅಳೆದು ಕ್ಯಾಡ್‌ನಲ್ಲಿ ಬಿಡಿಸ್ರಿ, ಎಲೆಕ್ಟ್ರಾನಿಕ್ಸ್‌ನವರು ಕನೆಕ್ಟರ್ ನೋಡ್ರಿ, ಕಂಪ್ಯೂಟರ್ ಸೈನ್ಸ್‌ನವರು ಡಿಸ್ಕ್ ತುಂಬಿ ಓಡಿಸ್ರಿ. ಈ ಸಲದ ಮಿನಿ ಪ್ರಾಜೆಕ್ಟಿಗೆ ಇದಕ್ಕಿಂತ ಏನು ಬೇಕು? ಮೊದಲ ಟ್ರೇಯನ್ನು ಖಾನಾಪುರದ ಒಂದು ಮನೆಯಲ್ಲಿ ಪೂರ್ತಿ ಮಳೆಗಾಲ ಇಡೋಣ. ಅದು ತಡೆದುಕೊಂಡರೆ ಡ್ರಾಯಿಂಗ್ ಫೈಲನ್ನು ಎಲ್ಲರಿಗೂ ಹಂಚೋಣ, ಕನ್ನಡದಲ್ಲೇ ವಿವರಣೆ ಬರೆದು.